ಮುಖಕ್ಕೆ ತಕ್ಕ ಕಾಗದ

ಕಿರವತ್ತಿಯ ಪೊಲೀಸ್ ನಾಕಾದಲ್ಲಿ ಲಾರಿ ನಿಲ್ಲಿಸಿದಾಗ ಕಲ್ಲಯ್ಯನಿಗೆ ಯಾವ ಅನುಮಾನವೂ ಇರಲಿಲ್ಲ. ಶಿರಸಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗುವ ಆ ದಾರಿಯ ತಿರುವು, ಗುಂಡಿ ಎಲ್ಲ ಅವನಿಗೆ ಕಣ್ಣಿಗೆ ಕಟ್ಟಿದಂತಿದ್ದವು. ನಾಕಾದ ಹಳೆಯ ಜಮಾದಾರ ಇವನನ್ನು ಕಂಡರೆ ಕೈಯೆತ್ತಿ ಗೇಟು ತೆಗೆಸಿಬಿಡುತ್ತಿದ್ದ. ಅವತ್ತು ಜಮಾದಾರ ಇರಲಿಲ್ಲ. ಹೊಸದಾಗಿ ವರ್ಗವಾಗಿ ಬಂದ ಫೌಜದಾರ ಮರದ ನೆರಳಿಗೆ ಕುರ್ಚಿ, ಮೇಜು ಹಾಕಿಸಿಕೊಂಡು ಬಂದ ಗಾಡಿಗಳ ಕಾಗದವನ್ನೆಲ್ಲ ತಾನೇ ನೋಡುತ್ತಿದ್ದ.

ಲೈಸೆನ್ಸಿನಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಫೌಜದಾರ ಕನ್ನಡ ಮಾಡುತ್ತ ಓದಿದ. "ಕಲ್ಲಯ್ಯ ಹಿರೇಮಠ. ಗುಡ್ನಾಪುರ. ಮೈಬಣ್ಣ ಕಪ್ಪು. ಎಡಗಣ್ಣಿನ ಕೆಳಗ ಕರೀ ಮಚ್ಚಿ." ಆಮೇಲೆ ತಲೆಯೆತ್ತಿ ಎದುರಿಗೆ ನಿಂತವನ ಮುಖ ನೋಡಿದ. ಆ ಮುಖ ಹಣೆಯಿಂದ ಗದ್ದದವರೆಗೂ ಬೆಳ್ಳಗಿತ್ತು. ಬಿಸಿಲಿಗೆ ಕೆನ್ನೆ ಕೆಂಪೇರಿತ್ತು. ಕಿವಿಯ ಹಿಂದೆ, ಕುತ್ತಿಗೆಯ ಬುಡದಲ್ಲಿ ಮಾತ್ರ ಅಲ್ಲಲ್ಲಿ ಕಪ್ಪು ಉಳಿದಿತ್ತು.

"ಯಾರ ಲೈಸೆನ್ಸಿದು?"

"ನಂದ್ರಿ."

"ನಿಂದ? ಕನ್ನಡಿ ನೋಡಕೊಂಡೀಯೇನು?"

"ದಿನಾ ನೋಡ್ತೀನ್ರಿ. ತೊನ್ನು ಬಂದೇತ್ರಿ ನನಗ."

"ಮಚ್ಚಿ ಎಲ್ಲೈತಿ?"

"ಅದೂ ಬೆಳ್ಳಗಾತ್ರಿ."

ಫೌಜದಾರ ಲೈಸೆನ್ಸನ್ನು ಎರಡೇ ಬೆರಳಿನಲ್ಲಿ ಹಿಡಿದು ಮೇಜಿನ ಮೇಲಿಟ್ಟ. ಬೆರಳನ್ನು ಚಡ್ಡಿಗೆ ಒರೆಸಿಕೊಂಡ. "ಇದರೊಳಗಿನ ಫೋಟೋ ಬ್ಯಾರೆ, ನೀ ಬ್ಯಾರೆ. ಇದನ್ನ ಶಿರಸಿ ಸರ್ಕಾರಿ ಬಂಗಲೇಕ್ಕ ಕಳಸ್ತೀನಿ. ಲೈಸೆನ್ಸ್ ಕೊಡೂ ಮೋಟಾರ್ ಸಾಹೇಬರು ಕ್ಯಾಂಪಿಗೆ ಬಂದಾಗ ಹೋಗಿ ಭೆಟ್ಟಿಯಾಗು. ನೀನ ಕಲ್ಲಯ್ಯ ಅಂತ ಅವರು ಅಂದ್ರ ಗಾಡಿ ಹೊಡಿ. ಅಲ್ಲೀತನ ಸ್ಟೇರಿಂಗ್ ಮುಟ್ಟಿದ್ರ ಒಳಗ ಹಾಕ್ತೀನಿ."

ಲಾರಿ ಅಲ್ಲೇ ಉಳಿಯಿತು. ಕಲ್ಲಯ್ಯ ಬಸ್ಸು ಹಿಡಿದು ಶಿರಸಿಗೆ ವಾಪಸು ಬಂದ. ಬಸ್ಸು ತುಂಬಿದ್ದರೂ ಅವನ ಪಕ್ಕದ ಜಾಗ ಯಲ್ಲಾಪುರದಿಂದ ಶಿರಸಿಯವರೆಗೆ ಖಾಲಿಯೇ ಇತ್ತು.

*

ಕಲ್ಲಯ್ಯ ಜಂಗಮರ ಮನೆಯವನು. ಅಪ್ಪ ಗುಡ್ನಾಪುರದ ಸುತ್ತಿನ ಭಕ್ತರ ಮನೆಗಳಿಗೆ ಮದುವೆ, ಮಣ್ಣು ಅಂತ ಹೋಗಿ ಬಂದು ಬಾಳು ಸಾಗಿಸಿದವನು. ಮಗನಿಗೆ ಆ ಕೆಲಸ ಒಗ್ಗಲಿಲ್ಲ. ಶಿರಸಿಗೆ ಬಂದು ಲಾರಿ ತೊಳೆಯುತ್ತ, ಟಯರು ಬಿಚ್ಚುತ್ತ ಡ್ರೈವಿಂಗ್ ಕಲಿತ. ಮುಂಬಯಿ ಸರ್ಕಾರದ ಕಾಲದಲ್ಲೇ ಲೈಸೆನ್ಸು ಆಯಿತು. ಆಗ ಅವನು ಎಣ್ಣೆ ಹಚ್ಚಿದ ಕಲ್ಲಿನ ಹಾಗೆ ಕಪ್ಪಗಿದ್ದ.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ತುಟಿಯ ಅಂಚಿನಲ್ಲಿ ಮೊದಲ ಬಿಳಿ ಕಂಡದ್ದು. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂತ, ಬೊಬ್ಬೆ ಎದ್ದವು. ಉಪ್ಪು ಬಿಟ್ಟ, ಹುಳಿ ಬಿಟ್ಟ. ಸೋಮವಾರ ಉಪವಾಸ ಮಾಡಿದ. ತೊನ್ನು ಕೈಗಿಳಿಯಿತು, ಮುಖಕ್ಕೇರಿತು, ಕಡೆಗೆ ಮುಖವನ್ನೆಲ್ಲ ತುಂಬಿಕೊಂಡಿತು. ಹಬ್ಬ ಬಂದರೆ ಅಯ್ಯನವರು ಊಟಕ್ಕೆ ಬರಬೇಕು ಎಂದು ಮನೆಬಾಗಿಲಿಗೆ ಬಂದು ಕರೆಯುತ್ತಿದ್ದವರು ಸುಮ್ಮನಾದರು. ಚಹಾದಂಗಡಿಯಲ್ಲಿ ಅವನಿಗೊಂದು ಬೇರೆ ಲೋಟ ಮೂಲೆಯಲ್ಲಿ ಕೂತಿತು. ಲೈಸೆನ್ಸು ಮಾತ್ರ ಹಾಗೇ ನಡೆಯುತ್ತಿತ್ತು. ನವೀಕರಣಕ್ಕೆ ಕಳಿಸಿದಾಗೆಲ್ಲ ಕಾರಕೂನರು ಹಳೆಯದನ್ನೇ ನಕಲು ಮಾಡಿ, ಮುದ್ರೆ ಒತ್ತಿ ಕೊಡುತ್ತಿದ್ದರು. ಮುಖ ನೋಡುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಹೆಂಡತಿ ಸಾವಿತ್ರವ್ವನ ಅಣ್ಣಂದಿರು ಹಾನಗಲ್ಲಿನಿಂದ ಅವಳನ್ನು ಕರೆದೊಯ್ಯಲು ಬಂದಿದ್ದರು. ಇನ್ನೂ ಸಣ್ಣ ವಯಸ್ಸು, ನಿನಗೂ ಅಂಟಿದರೆ ಏನು ಗತಿ ಎಂದು ಹಿರಿಯಣ್ಣ ಹೆದರಿಸಿದ. ಸಾವಿತ್ರವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಅವರ ಮಾರಿ ಬೆಳ್ಳಗಾದ್ರ ನನ್ನ ತಾಳಿ ಹರದು ಬಿತ್ತೇನು? ಉಂಡು ಹೋಗ್ರಿ," ಎಂದಳು. ಅವರು ಉಣ್ಣದೆ ಹೋದರು. ಆಮೇಲೆ ತವರಿನಿಂದ ಯಾರೂ ಬರಲಿಲ್ಲ.

*

ಲಾರಿಯ ಮಾಲೀಕ ಪರಮೇಶ್ವರಪ್ಪ ಅಡಿಕೆ ವ್ಯಾಪಾರಿ. ಕೆಟ್ಟವನಲ್ಲ. ಕಲ್ಲಯ್ಯನ ಮುಖ ಬೆಳ್ಳಗಾದ ಮೇಲೂ ಕೆಲಸದಿಂದ ತೆಗೆದಿರಲಿಲ್ಲ. ಕಿರವತ್ತಿಗೆ ಬೇರೊಬ್ಬ ಡ್ರೈವರನನ್ನು ಕಳಿಸಿ, ಸಂಜೆ ಕಲ್ಲಯ್ಯನನ್ನು ಅಂಗಡಿಯ ಒಳಕೋಣೆಗೆ ಕರೆದ.

"ಅಯ್ಯಾರ, ಸಾಹೇಬರು ಗುರುವಾರ ಬಂಗಲೇಕ್ಕ ಬರ್ತಾರ. ನನಗೊಂದು ಹಾದಿ ಹೊಳದೈತಿ. ಸಿದ್ದಾಪುರದಾಗ ಗೋವಿಂದ ಅಂತ ಅದಾನ, ಯಕ್ಷಗಾನ ಮೇಳದವರಿಗೆ ಬಣ್ಣ ಬರಿಯಾಂವ. ಅವನ ಕಡೆ ಹೋಗಿ ಮುಖಕ್ಕ ಬಣ್ಣ ಹಚ್ಚಿಸಿಕೊಂಡು ಬರ್ರಿ."

"ನಾಟಕದ ಬಣ್ಣಾನ್ರಿ?"

"ನಿಮ್ಮದ ಬಣ್ಣ ರಿ. ದೇವರು ಹುಟ್ಟಿಸಿದಾಗ ಕೊಟ್ಟ ಬಣ್ಣ. ಅದನ್ನ ಹಚ್ಚಿಕೊಂಡ್ರ ಸುಳ್ಳು ಹೆಂಗಾಗ್ತದ? ಸಾಹೇಬರು ಒಂದು ಸಲ ನೋಡ್ತಾರ, ಸಹಿ ಹಾಕ್ತಾರ, ಮುಗೀತು. ಮ್ಯಾಲೆ ನಾಕಾದಾಗ ಕೇಳಿದಾಗೊಮ್ಮೆ ಹಚ್ಚಿಕೊಂಡ್ರಾತು."

ಕಲ್ಲಯ್ಯನಿಗೆ ಬೇರೆ ದಾರಿ ಕಾಣಲಿಲ್ಲ. ಸ್ಟೇರಿಂಗ್ ಬಿಟ್ಟರೆ ಅವನ ಕೈಗೆ ಬೇರೆ ವಿದ್ಯೆ ಇರಲಿಲ್ಲ. ಮುಂಚೆಯೇ ಒಮ್ಮೆ ಹಚ್ಚಿ ನೋಡಬೇಕು ಎಂದು ಮಂಗಳವಾರ ಸಿದ್ದಾಪುರಕ್ಕೆ ಹೋದ.

ಮೇಳದ ತಿರುಗಾಟ ಮುಗಿಯುತ್ತ ಬಂದಿತ್ತು. ಗೋವಿಂದ ಮನೆಯಲ್ಲೇ ಇದ್ದ. ವಿಷಯ ಕೇಳಿ ಅವನೂ ಸ್ವಲ್ಪ ಹೊತ್ತು ಕಲ್ಲಯ್ಯನ ಮುಖವನ್ನೇ ನೋಡಿದ. ಆದರೆ ಬೇರೆಯವರ ಹಾಗೆ ಹಿಂದೆ ಸರಿಯಲಿಲ್ಲ. ಬೆರಳಿನಿಂದ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ.

"ಆನು ರಾಕ್ಷಸಂಗೆ ಬಣ್ಣ ಹಾಕಿದ್ದಿ, ದೇವ್ರಿಗೆ ಹಾಕಿದ್ದಿ. ಮನುಷ್ಯಂಗೆ ಅವಂದೇ ಬಣ್ಣ ಹಾಕದು ಇದೇ ಮೊದ್ಲು ಮಾರಾಯ. ಅಡ್ಡಿಲ್ಲೆ, ಕೂತ್ಕ."

ಕೊಬ್ಬರಿ ಎಣ್ಣೆಯಲ್ಲಿ ಕಾಡಿಗೆ ಕಲಸಿದ. ಅದಕ್ಕೆ ಚೂರು ಕೆಂಪು ಇಂಗಳೀಕ, ಚೂರು ಹಳದಿ ಬೆರೆಸಿದ. ಅಂಗೈ ಮೇಲೆ ತಿಕ್ಕಿ ನೋಡಿ, ಕಲ್ಲಯ್ಯನ ಕುತ್ತಿಗೆಯ ಬುಡದಲ್ಲಿ ಉಳಿದ ಕಪ್ಪಿಗೆ ಹೋಲಿಸಿ, ಮತ್ತೆ ಬೆರೆಸಿದ. ಮುಖ, ಕುತ್ತಿಗೆ, ಮುಂಗೈ ಎಲ್ಲ ತುಂಬಿದ ಮೇಲೆ ಕಡ್ಡಿಯ ತುದಿಯಿಂದ ಎಡಗಣ್ಣಿನ ಕೆಳಗೆ ಒಂದು ಚುಕ್ಕೆ ಇಟ್ಟು ಕನ್ನಡಿ ಕೊಟ್ಟ.

ಕಲ್ಲಯ್ಯ ಕನ್ನಡಿಯನ್ನು ಹತ್ತಿರಕ್ಕೆ ಹಿಡಿದುಕೊಂಡ. ಅಲ್ಲಿ ಅವನ ಹಳೆಯ ಮುಖವಿತ್ತು. ಆ ಮುಖ ಹೋಗಿಬಿಟ್ಟಿತು ಎಂದು ಅವನು ಎಂದೋ ತಿಳಿದುಕೊಂಡಿದ್ದ. ಅದು ಈಗ ಎದುರಿಗೆ ಕಣ್ಣು ಮಿಟುಕಿಸುತ್ತಿತ್ತು.

ಶಿರಸಿಯ ಬಸ್ಸಿನಲ್ಲಿ ಒಬ್ಬ ಬಂದು ಅವನಿಗೆ ಒತ್ತಿಕೊಂಡೇ ಕೂತ. ಪಕ್ಕದಲ್ಲಿ ಹಾಗೆ ಯಾರಾದರೂ ಕೂತು ವರ್ಷಗಳಾಗಿದ್ದವು. ಅಡಿಕೆ ಪೇಟೆಯಲ್ಲಿ ದಲಾಲಿ ಮಾಡುವವನಂತೆ. ಸಂಚಿ ಬಿಚ್ಚಿ ಎಲೆ ಮಡಿಸಿ ಕಲ್ಲಯ್ಯನ ಕೈಗೆ ಕೊಟ್ಟ. ಮಳೆ ಯಾವಾಗ ಬರಬಹುದು, ಅಡಿಕೆಗೆ ಈ ಸಲ ಏನು ಧಾರಣೆ ಎಂದೆಲ್ಲ ಮಾತಾಡಿದ. ಕಲ್ಲಯ್ಯನಿಗೆ ಬಹಳ ಹಿತವಾಯಿತು. ದಾರಿ ಇನ್ನೂ ಉದ್ದ ಇರಬಾರದೇ ಅನ್ನಿಸಿತು.

"ಪರಮೇಶ್ವರಪ್ಪನವರ ಗಾಡಿ ನಾಕಾದಲ್ಲಿ ಹಿಡಿದಾರಂತೆ, ಕೇಳಿದ್ರಾ?" ಎಂದ ಆ ಮನುಷ್ಯ. "ಅದೇ, ಆ ತೊನ್ನಿನ ಡ್ರೈವರ. ಹಿಡಿದದ್ದು ಒಳ್ಳೇದೇ ಆಯ್ತು ಬಿಡಿ. ಅಂಥವನು ಮುಟ್ಟಿದ ಮೂಟೆಯಲ್ಲಿನ ಅಡಿಕೆ ನಾವು ಬಾಯಿಗೆ ಹಾಕೋದು ಹೇಗೆ? ಅವನ ಹೆಂಡತಿಯಾದ್ರೂ ಹೇಗೆ ಇರ್ತಾಳೋ ಅವನ ಜೊತೆ!"

ಕಲ್ಲಯ್ಯನ ಬಾಯಲ್ಲಿ ಅವನೇ ಕೊಟ್ಟ ಎಲೆ ಇತ್ತು. ಉಗುಳಲಿಲ್ಲ, ನುಂಗಲಿಲ್ಲ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಶಿರಸಿ ಬರುವವರೆಗೂ ಹಾಗೇ ಕೂತಿದ್ದ. ಇಳಿದು ಮನೆಗೆ ನಡೆಯುವಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತೊನ್ನು ಬಂದಾಗಲೂ ಅಂಥ ಹೇಸಿಗೆ ಆಗಿರಲಿಲ್ಲ.

ಸಾವಿತ್ರವ್ವ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ.

"ಹೆಂಗ ಕಾಣ್ತೀನಿ?" ಎಂದು ಅವನು ಕೇಳಿದ.

"ಚಲೋ ಕಾಣ್ತೀರಿ," ಅಂದಳು. ಬಾಗಿಲಲ್ಲೇ ನಿಂತು, "ನಾ ನಿಮ್ಮ ಬೆಳ್ಳನ್ನ ಮಾರೀ ಜೋಡಿ ಬಾಳೇ ಮಾಡೀನ್ರಿ. ಅದರ ಸಲುವಾಗಿ ತವರುಮನಿ ಬಿಟ್ಟೀನಿ, ಓಣ್ಯಾನವರ ಮಾತು ತಿಂದೀನಿ. ಈಗ ನೀವ ಆ ಮಾರಿ ನಂದಲ್ಲ ಅಂತ ಮುಚ್ಚಿಕೊಂಡು ಸಾಹೇಬನ ಮುಂದ ನಿಂತ್ರ, ನಾ ಇಷ್ಟು ದಿನ ಯಾರ ಸಲುವಾಗಿ ಜಗಳಾಡಿದೆ?" ಎಂದಳು.

"ಕೆಲಸ ಹೋಗ್ತದ ಸಾವಿತ್ರಿ."

"ಹೋದ್ರ ಹೋಗ್ಲಿ. ಕೂಲಿ ಮಾಡೂಣು. ಕಾಗದ ತಪ್ಪಿದ್ರ ಕಾಗದ ತಿದ್ದಲಿ ಅವರು. ಮಾರಿ ಯಾಕ ತಿದ್ದಬೇಕು?"

ಅವನು ಬಸ್ಸಿನಲ್ಲಿ ಕೇಳಿದ ಮಾತನ್ನು ಅವಳಿಗೆ ಹೇಳಲಿಲ್ಲ. ಬಚ್ಚಲಿಗೆ ಹೋಗಿ ಕೂತ. ಸಾವಿತ್ರವ್ವ ಎಣ್ಣೆ ತಂದು ಅವನ ಮುಖ ತಿಕ್ಕಿದಳು, ಸೀಗೆಪುಡಿ ಹಾಕಿ ತೊಳೆದಳು. ಕರಿ ನೀರು ಬಚ್ಚಲ ತೂಬಿನಲ್ಲಿ ಹರಿದು ಹೋಯಿತು.

ಮರುದಿನ ಕಲ್ಲಯ್ಯ ಮೊದಲು ಸರ್ಕಾರಿ ದವಾಖಾನೆಗೆ ಹೋಗಿ, ಇದು ಕುಷ್ಠವಲ್ಲ, ಅಂಟುವ ರೋಗವಲ್ಲ, ಕಣ್ಣು ಕೈ ಕಾಲು ಸರಿಯಾಗಿವೆ ಎಂದು ಡಾಕ್ಟರರಿಂದ ಬರೆಸಿಕೊಂಡ. ಅಲ್ಲಿಂದ ಫೋಟೋ ತೆಗೆಸಲು ಹೋದ. ಫೋಟೋದವನು ಮರುಕದಿಂದ, ತೊಳೆಯುವಾಗ ಮುಖ ಸ್ವಲ್ಪ ಕಪ್ಪು ಮಾಡಿ ಕೊಡಲೇ ಎಂದು ಕೇಳಿದ. "ಇದ್ದಂಗ ತಗೀರಿ," ಎಂದ ಕಲ್ಲಯ್ಯ.

*

ಗುರುವಾರ ಬೆಳಿಗ್ಗೆ ಬಂಗಲೆಯ ಜಗಲಿಯಲ್ಲಿ ಆಗಲೇ ಜನ ಸೇರಿದ್ದರು. ಪರಮೇಶ್ವರಪ್ಪನೂ ಬಂದಿದ್ದ. ಕಲ್ಲಯ್ಯನ ಮುಖ ಕಂಡು ಅವನ ಮುಖ ಸಣ್ಣದಾಯಿತು.

"ಬಣ್ಣ ಎಲ್ಲಿ?"

"ತೊಳಕೊಂಡೆರಿ."

"ನಿಮಗ ಬುದ್ಧಿ ಇಲ್ಲ ಅಯ್ಯಾರ," ಎಂದು ಪರಮೇಶ್ವರಪ್ಪ ಛತ್ರಿ ಎತ್ತಿಕೊಂಡು ಹೊರಟೇಹೋದ.

ಮೋಟಾರ್ ಸಾಹೇಬರು ಮೈಸೂರಿನ ಕಡೆಯವರು, ಇನ್ನೂ ಎಳೆ ವಯಸ್ಸು. ಕಿರವತ್ತಿಯಿಂದ ಬಂದ ಲೈಸೆನ್ಸು ಮೇಜಿನ ಮೇಲಿತ್ತು. ಅವರು ಡಾಕ್ಟರರ ಕಾಗದವನ್ನು ಪೂರ್ತಿ ಓದಿದರು. ಲೈಸೆನ್ಸು ನೋಡಿದರು. ಕಲ್ಲಯ್ಯನಿಂದ ಸಹಿ ಹಾಕಿಸಿ ಹಳೆಯ ಸಹಿಯ ಪಕ್ಕಕ್ಕಿಟ್ಟು ನೋಡಿದರು. ಸಹಿ ಹಾಕುವ ಕಾಗದವನ್ನು ಕಾರಕೂನ ರೂಲುದೊಣ್ಣೆಯಿಂದ ಕಲ್ಲಯ್ಯನ ಕಡೆ ತಳ್ಳಿದ್ದ, ಅದರಿಂದಲೇ ವಾಪಸು ಎಳೆದುಕೊಂಡ.

"ನೋಡಪ್ಪಾ," ಎಂದರು ಸಾಹೇಬರು, "ರೋಗ ಅಂಟಲ್ಲ ಅನ್ನೋದು ಸರಿ. ಆದ್ರೆ ಗುರುತು ಅಂದ್ರೆ ಬದಲಾಗದೇ ಇರೋದು. ನಿನ್ನ ಗುರುತೇ ಬದಲಾಗಿದೆ. ಈ ಲೈಸೆನ್ಸು ನಿಂದು ಅಂತ ನಾನು ಹೇಗೆ ಹೇಳಲಿ?"

"ಗುರುತು ಬದಲಾಗೇತ್ರಿ. ಮನಷ್ಯಾ ಅವನ ಅದಾನ. ಸಹಿ ನೋಡಿದ್ರಲ್ರಿ."

"ಸಹಿ ಯಾರು ಬೇಕಾದ್ರೂ ಕಲೀಬಹುದು. ಹೊಸದಾಗಿ ಅರ್ಜಿ ಹಾಕು, ಮೊದಲಿಂದ ಪರೀಕ್ಷೆ ಕೊಡು. ದೊಡ್ಡ ಗಾಡಿ ಸಿಗೋಕೆ ಕೆಲವು ವರ್ಷ ಆಗುತ್ತೆ, ಏನ್ ಮಾಡೋದು."

"ಹೊಸಾ ಅರ್ಜಿ ಯಾವ ಹೆಸರಿಲೆ ಹಾಕ್ಲಿರಿ?"

"ನಿನ್ನ ಹೆಸರಲ್ಲೇ."

"ಕಲ್ಲಯ್ಯ ಅಂತಾನ್ರಿ? ನಾ ಕಲ್ಲಯ್ಯ ಅಲ್ಲ ಅಂತೀರಿ. ಆ ಮಾತ ಒಂದು ಹಾಳ್ಯಾಗ ಬರದು ಕೊಡ್ರಿ ಮೊದಲ. ಎದುರಿಗೆ ನಿಂತಾಂವ ಗುಡ್ನಾಪುರದ ಕಲ್ಲಯ್ಯ ಹಿರೇಮಠ ಅಲ್ಲ ಅಂತ ಬರದು ಸಿಕ್ಕಾ ಹಾಕ್ರಿ. ತಗೊಂಡು ಹೋಗ್ತೀನಿ."

ಸಾಹೇಬರು ಪೆನ್ನು ಎತ್ತಿದರು. ಏನೋ ಯೋಚಿಸಿ ಕೆಳಗಿಟ್ಟರು. "ಹಾಗೆಲ್ಲ ಬರೆದುಕೊಡೋಕೆ ಬರಲ್ಲ. ಮುಂದಿನವರನ್ನ ಕರೀರಿ."

ಕಲ್ಲಯ್ಯ ಹೊರಗೆ ಬಂದ. ಮನೆಗೆ ಹೋಗಲಿಲ್ಲ. ಒಳಗೆ ಹೋಗುವವರೆಲ್ಲ ದಾಟಲೇಬೇಕಾದ ಮೆಟ್ಟಿಲಿನ ಮೇಲೆ, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಕೂತುಬಿಟ್ಟ. ಕಾರಕೂನ ಬಂದು ಏಳು ಎಂದು ಗದರಿದ.

"ಸರ್ಕಾರದ ಕಟ್ಟೀ ಮ್ಯಾಲೆ ಕೂಡಾಕೂ ಲೈಸೆನ್ಸ್ ಬೇಕೇನ್ರಿ?" ಎಂದ ಕಲ್ಲಯ್ಯ. ಮುಟ್ಟಿ ಎಬ್ಬಿಸಲು ಕಾರಕೂನನಿಗೆ ಧೈರ್ಯ ಬರಲಿಲ್ಲ. ಒಳಗೆ ಹೋದ.

ಜಗಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಏನಾಯಿತು ಎಂದು ಕೇಳಿದರು. ಕೇಳಿದವರಿಗೆಲ್ಲ ಕಲ್ಲಯ್ಯ ತಗ್ಗದ ದನಿಯಲ್ಲಿ ಅದನ್ನೇ ಹೇಳಿದ. ಕಾಗದದಲ್ಲಿ ಕಪ್ಪು ಅಂತ ಇದೆ, ನಾನು ಬೆಳ್ಳಗಿದ್ದೇನೆ, ಅದಕ್ಕೆ ನಾನು ನಾನಲ್ಲವಂತೆ. ಕಾಡಿನ ಗುತ್ತಿಗೆದಾರರ ಜೀಪು ಓಡಿಸುವ ಮಡಿವಾಳಪ್ಪ ಎಂಬ ಮುದುಕ ಅದನ್ನು ಕೇಳಿ ತನ್ನ ಲೈಸೆನ್ಸು ತೆಗೆದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಮೋಟಾರ್ ಸೈಕಲ್ಲಿನ ಲೈಸೆನ್ಸಿಗೆಂದು ಬಂದಿದ್ದ ಸೀತಾರಾಮ ಎಂಬ ತರುಣ ಪಕ್ಕದಲ್ಲಿದ್ದ. ಸಿದ್ದಾಪುರದ ಹೈಸ್ಕೂಲಿನಲ್ಲಿ ಮಾಸ್ತರ.

"ತಮ್ಮಾ, ನಂದರಾಗ ಏನು ಬರದಾರ ಓದು ನೋಡೂಣು."

ಸೀತಾರಾಮ ಓದಿ ನಕ್ಕುಬಿಟ್ಟ. "ಎತ್ತರ ಐದಡಿ ಹತ್ತಿಂಚು ಹೇಳಿ ಬರದ್ದ ಅಜ್ಜಾ. ನೀನು ನನ್ನ ಭುಜಕ್ಕೂ ಬತ್ತಿಲ್ಲೆ!"

ಜಗಲಿಯಲ್ಲಿ ನಗು ಎದ್ದಿತು. ಇನ್ನೊಬ್ಬ ತನ್ನದು ಕೊಟ್ಟ. ಬಲಗೆನ್ನೆಯಲ್ಲಿ ಮಚ್ಚೆ ಎಂದಿತ್ತು. ಅವನ ಬಲಗೆನ್ನೆ ನುಣ್ಣಗಿತ್ತು. ಮತ್ತೊಬ್ಬನದರಲ್ಲೂ ಬಲಗೆನ್ನೆಯಲ್ಲಿ ಮಚ್ಚೆ, ಅವನ ಹಿಂದಿನವನದರಲ್ಲೂ ಅದೇ. ಹುಟ್ಟಿದಾಗಿನಿಂದ ಒಂದು ಬೆರಳಿಲ್ಲದವನ ಕಾಗದದಲ್ಲಿ ಬೆರಳಿನ ಸುದ್ದಿಯೇ ಇರಲಿಲ್ಲ, ಹುಬ್ಬಿನ ಮೇಲೆ ಗಾಯದ ಕಲೆ ಇತ್ತು. ಬರೆದ ಕಾರಕೂನ ಯಾರ ಮುಖವನ್ನೂ ನೋಡದೆ ಮನಸ್ಸಿಗೆ ಬಂದದ್ದನ್ನು ತುಂಬಿ ಕಳಿಸಿದ್ದ. ಜನ ಒಬ್ಬರ ಮುಖವನ್ನೊಬ್ಬರು ಹಿಡಿದು ತಿರುಗಿಸಿ ಮಚ್ಚೆ ಹುಡುಕುತ್ತ ನಕ್ಕರು.

ಕಲ್ಲಯ್ಯ ನಗಲಿಲ್ಲ. ಎದ್ದು ನಿಂತ.

"ನಗಬ್ಯಾಡ್ರಿ. ಇವತ್ತು ನನ್ನ ಲೈಸೆನ್ಸ್ ಕಸಗೊಂಡಾರ. ನಾಳೆ ಇನ್ನೊಬ್ಬ ಫೌಜದಾರ ಬಂದು ನಿಮ್ಮ ಮಾರೀನೂ ಓದಿ ನೋಡ್ತಾನ. ಆವಾಗ ನೀವೂ ನೀವಲ್ಲ."

ನಗು ನಿಂತಿತು. ಮಡಿವಾಳಪ್ಪ ತಡಮಾಡದೆ ಒಳಗೆ ನಡೆದ. ಅವನ ಹಿಂದೆ ಎಲ್ಲರೂ ನುಗ್ಗಿದರು. ಮುದುಕ ತನ್ನ ಲೈಸೆನ್ಸನ್ನು ಸಾಹೇಬರ ಮೇಜಿನ ಮೇಲೆ ಇಟ್ಟ.

"ಇದು ನಂದಲ್ರಿ. ಯಾರೋ ಉದ್ದನ್ನ ಮನಷ್ಯಾಂದು. ಅವನ್ನ ಹುಡುಕಿ ಕೊಡ್ರಿ."

ಬೆರಳಿಲ್ಲದವನು ತನ್ನದಿಟ್ಟ. ಮಚ್ಚೆಯಿಲ್ಲದವರು ತಮ್ಮತಮ್ಮದಿಟ್ಟರು. ಮೇಜಿನ ಮೇಲೆ ಲೈಸೆನ್ಸುಗಳು ಗುಡ್ಡೆಯಾದವು.

"ಏನ್ರೀ ಇದು? ಗಲಾಟೆ ಮಾಡಬೇಡಿ," ಎಂದು ಸಾಹೇಬರು ಎದ್ದರು.

"ಗಲಾಟಿ ಇಲ್ರಿ," ಎಂದ ಮಡಿವಾಳಪ್ಪ. "ಕಾಯ್ದೆ ಪ್ರಕಾರ ಹೊಂಟೇವಿ. ಗುರುತು ಹೊಂದದಿದ್ದವರ ಗಾಡಿ ನಿಲ್ಲಸ್ರಿ. ಜೀಪು ಹೊರಗ ನಿಂತೈತಿ, ಇಕಾ ಕೀಲಿ. ನಾ ನಡಕೊಂಡು ಹೋಗ್ತೀನಿ. ಗುತ್ತಿಗೆದಾರರು ಕೇಳಿದ್ರ ನಿಮ್ಮ ಹೆಸರು ಹೇಳ್ತೀನಿ."

ಸಾಹೇಬರು ಗುಡ್ಡೆಯಿಂದ ಒಂದು ಲೈಸೆನ್ಸು ತೆಗೆದು ಓದಿದರು, ಇನ್ನೊಂದನ್ನು ತೆಗೆದರು. ಎದುರಿಗಿದ್ದ ಮುಖಗಳನ್ನು ನೋಡಿದರು. ಅವರ ಕಿವಿ ಕೆಂಪಾಯಿತು. ಕಾರಕೂನ ನೆಲ ನೋಡುತ್ತಿದ್ದ. ಕಡೆಗೆ ಸಾಹೇಬರು ನಿಧಾನಕ್ಕೆ ಕೂತರು.

"ಎಲ್ಲರದೂ ತಿದ್ದೋಣ. ಇವತ್ತೇ. ಎಷ್ಟು ಹೊತ್ತಾದರೂ ಸರಿ. ಎತ್ತರ ಅಳೆಯೋಕೆ ಟೇಪ್ ತನ್ನಿ." ಆಮೇಲೆ ಜನರ ತಲೆಗಳಾಚೆ ನೋಡಿ, "ಕಲ್ಲಯ್ಯನವರು ಮೊದಲು ಬರಲಿ," ಎಂದರು.

ಅವರು ಬಹುವಚನದಲ್ಲಿ ಕರೆದದ್ದನ್ನು ಕಲ್ಲಯ್ಯ ಗಮನಿಸಿದ. ಮೇಜಿನ ಮುಂದೆ ಬಂದು ನಿಂತ. ಕಾರಕೂನ ಹೊಸ ಫೋಟೋ ಅಂಟಿಸಿ ಲೇಖಣಿ ಎತ್ತಿಕೊಂಡ.

"ಮೈಬಣ್ಣ ಗೋಧಿಬಣ್ಣ ಅಂತ ಬರೀತೇನಿ ಸರ್," ಎಂದ. "ಮರ್ಯಾದಿಯಿಂದ ಇರ್ತದ."

"ಬ್ಯಾಡ್ರಿ," ಎಂದ ಕಲ್ಲಯ್ಯ. "ನಾ ಗೋಧಿಬಣ್ಣ ಅಲ್ಲ."

"ನಿಮ್ಮ ಒಳ್ಳೇದಕ್ಕೇ ಹೇಳೋದು," ಎಂದರು ಸಾಹೇಬರು. "ಲೈಸೆನ್ಸಿನಲ್ಲಿ ರೋಗದ ಹೆಸರು ಯಾಕೆ? ನೋಡಿದವರೆಲ್ಲ ಓದ್ತಾರೆ."

"ನೋಡಿದವರಿಗೆ ಓದಾಕ ಏನೈತ್ರಿ? ಮಾರಿ ಎದುರಿಗೇ ಇರ್ತೈತಿ. ಮುಚ್ಚಿ ಬರದ್ರ ಮುಂದಿನ ನಾಕಾದಾಗ ಮತ್ತ ನಾ ನಾನಲ್ಲ. ತೊನ್ನು ಅಂತ ಬರೀರಿ. ನನಗ ಅದರ ನಾಚಿಕಿಲ್ಲ. ನೀವ್ಯಾಕ ನಾಚಿಕೋತೀರಿ?"

ಸಾಹೇಬರು ಕಾರಕೂನನ ಕೈಯಿಂದ ಲೇಖಣಿ ತೆಗೆದುಕೊಂಡು ತಾವೇ ಬರೆದರು. ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು, ಅದರ ಕೆಳಗೆ ಕನ್ನಡದಲ್ಲಿ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಮುಖ, ಕೈಗಳಲ್ಲಿ ತೊನ್ನಿನ ಬಿಳುಪು. ಕಿವಿಯ ಹಿಂದೆ ಕಪ್ಪು." ಆಮೇಲೆ ಎದ್ದು ನಿಂತು ಲೈಸೆನ್ಸನ್ನು ಕಲ್ಲಯ್ಯನ ಕೈಗೇ ಕೊಟ್ಟರು. ಅವರ ಬೆರಳು ಕಲ್ಲಯ್ಯನ ಬೆರಳಿಗೆ ತಾಗಿತು. ಕೈ ಹಿಂದಕ್ಕೆ ಹೋಗಲಿಲ್ಲ.

*

ಮರುದಿನ ಕಲ್ಲಯ್ಯ ಪರಮೇಶ್ವರಪ್ಪನ ಅಂಗಡಿಗೆ ಹೋದ. ಬಂಗಲೆಯ ಸುದ್ದಿ ಆಗಲೇ ಪೇಟೆಯನ್ನೆಲ್ಲ ಮುಟ್ಟಿತ್ತು. ಪರಮೇಶ್ವರಪ್ಪ ಲೈಸೆನ್ಸು ನೋಡಿ ತಲೆ ತುರಿಸಿಕೊಂಡ.

"ಎಲ್ಲಾ ಚಲೋ ಆತು ಅಯ್ಯಾರ. ಆದರ ನನ್ನ ತೊಂದ್ರೀನೂ ತಿಳಕೋರಿ. ಪ್ಯಾಟ್ಯಾಗ ಮಂದಿ ಆಡ್ಕೋಳಾಕ ಹತ್ಯಾರ. ಗಾಡಿ ನೀವ ಹೊಡೀರಿ, ನಾ ಬ್ಯಾಡ ಅನ್ನೂದಿಲ್ಲ. ಹುಬ್ಬಳ್ಯಾಗ ವ್ಯಾಪಾರಸ್ಥರ ಅಂಗಡಿ ಮುಂದ ಮಾತ್ರ ಕೆಳಗ ಇಳೀಬ್ಯಾಡ್ರಿ. ಮಾರಿಗೆ ವಸ್ತ್ರ ಸುತ್ತಿಕೊಂಡು ಒಳಗ ಕೂತಿರ್ರಿ. ಇಷ್ಟ."

ಪರಮೇಶ್ವರಪ್ಪ ನಿಜವಾಗಿ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡೇ ಹೇಳುತ್ತಿದ್ದ. ಕಲ್ಲಯ್ಯನಿಗೂ ಅದು ತಿಳಿಯಿತು. ಕಷ್ಟದ ದಿನಗಳಲ್ಲಿ ಅನ್ನ ಕೊಟ್ಟ ಮನೆ ಅದು. ಹಾಗಾಗಿ ಜಗಳವಾಡಲಿಲ್ಲ. ಪರಮೇಶ್ವರಪ್ಪ ಕೈಗಿತ್ತ ಲಾರಿಯ ಕೀಲಿಯನ್ನು ತಿರುಗಿ ಗಾದಿಯ ಮೇಲಿಟ್ಟ.

"ನಿಮ್ಮ ಉಪ್ಪು ತಿಂದೀನ್ರಿ, ಮರಿಯೂದಿಲ್ಲ. ಆದರ ಮುಚ್ಚಿಕೊಂಡು ಕೂಡೂ ಕೆಲಸ ನನ್ನ ಕೈಲಾಗೂದಿಲ್ಲ."

"ಯಾರು ಕೊಡ್ತಾರ ನಿಮಗ ಗಾಡಿ?"

"ಕೇಳ್ತೀನ್ರಿ."

ಹಲವು ದಿನ ಕೇಳಿದ. ಶಿರಸಿಯಲ್ಲಿ ಒಬ್ಬರು ಮುಂದಿನ ತಿಂಗಳು ನೋಡೋಣ ಎಂದರು, ಒಬ್ಬರು ಮಾಲೀಕರು ಊರಲ್ಲಿಲ್ಲ ಎಂದು ಒಳಗಿನಿಂದಲೇ ಹೇಳಿಸಿದರು. ಯಲ್ಲಾಪುರದ ಕಟ್ಟಿಗೆ ಡಿಪೋದವರು ರಾತ್ರಿ ಪಾಳಿ ಇದ್ದರೆ ಕರೆಯುತ್ತೇವೆ ಎಂದರು. ಸಾವಿತ್ರವ್ವ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗತೊಡಗಿದಳು. ಅಲ್ಲಿ ಹೆಂಗಸರು ಅವಳ ಗಂಡ ಬಂಗಲೆಯಲ್ಲಿ ಸಾಹೇಬರಿಗೆ ಏನೆಂದ ಎಂದು ಹೇಳಿಸಿಕೊಂಡು ಕೇಳುತ್ತಿದ್ದರು. ಅವಳೂ ಹೊತ್ತು ಹೋಗಲೆಂದು ಚೂರು ಸೇರಿಸಿಯೇ ಹೇಳುತ್ತಿದ್ದಳು.

ಮುಂಗಾರು ಹಿಡಿಯುವ ಹೊತ್ತಿಗೆ ಸೀತಾರಾಮ ಮಾಸ್ತರ ಹೇಳಿಕಳಿಸಿದ. ಸಿದ್ದಾಪುರದಲ್ಲಿ ಸಂಗಯ್ಯ ಎಂಬವರ ಲಾರಿ ಇದೆ, ಮಳೆಗಾಲಕ್ಕೆ ಹೆದರಿ ಅವರ ಡ್ರೈವರ ಬಿಟ್ಟುಹೋಗಿದ್ದಾನೆ ಎಂದು. ಕಲ್ಲಯ್ಯ ಬಸ್ಸು ಹತ್ತಿ ಹೋದ. ಸಂಗಯ್ಯನವರು ಮಳೆಯಲ್ಲೇ ಛತ್ರಿ ಹಿಡಿದು ಲಾರಿಯ ಟಯರಿಗೆ ಒದ್ದು ನೋಡುತ್ತಿದ್ದರು. ವಯಸ್ಸಾದವರು, ಮಾತು ಕಡಿಮೆ. ಕಲ್ಲಯ್ಯನ ಮುಖವನ್ನು ಒಂದು ಸಲ ಪೂರ್ತಿ ನೋಡಿದರು.

"ನನ್ನ ಮುಖಕ್ಕ ತೊನ್ನು ಐತ್ರಿ," ಎಂದ ಕಲ್ಲಯ್ಯ. "ಎಲ್ಲಿ ಬೇಕಾದಲ್ಲಿ ಇಳೀತೀನಿ, ಯಾರ ಮುಂದೂ ಮುಚ್ಚಿಕೊಳ್ಳೂದಿಲ್ಲ. ಒಪ್ಪಿಗಿದ್ರ ಹೇಳ್ರಿ, ಇಲ್ಲಾಂದ್ರ ಇದ ಬಸ್ಸಿಗೆ ವಾಪಸು ಹೋಗ್ತೀನಿ."

"ಕುಮಟಾ ಘಾಟಿ ಮಳೆಯಲ್ಲಿ ಇಳಿಸಿದ್ದುಂಟೋ?" ಎಂದು ಕೇಳಿದರು ಸಂಗಯ್ಯನವರು.

"ಭಾಳ ಸಲ ಇಳಿಸೀನ್ರಿ."

"ಹಾಗಾದ್ರೆ ಹತ್ತಿ. ಬ್ರೇಕು ಸ್ವಲ್ಪ ಸಡಿಲ ಉಂಟು, ನೋಡ್ಕೊಳ್ಳಿ."

ಕಲ್ಲಯ್ಯ ಹತ್ತಿ ಕೂತ. ಬಾಗಿಲ ಗಾಜು ಪೂರ್ತಿ ಕೆಳಗಿಳಿಸಿ, ಮಳೆ ಮುಖಕ್ಕೆ ಹೊಡೆಯುತ್ತಿದ್ದಂತೆ ಗಾಡಿಯನ್ನು ಸಿದ್ದಾಪುರದ ಪೇಟೆಯ ನಟ್ಟನಡುವೆ ಓಡಿಸಿಕೊಂಡು ಹೋದ.